ಕಹಿಯೆಂದು ಕರೆಸಿಕೊಂಡ ಚಹಾ ಮಹಾಶಯರಿಗೆ

ಮಾನ್ಯ ಚಹಾ ಮಹಾಶಯರೇ,

ಬಸ್ ನಿಲ್ದಾಣದ ಕರಿ ಕೆಟಲಿಯಿಂದ ಹಿಡಿದು ತಾಲೂಕು ಕಚೇರಿಯ ಮೇಜಿನವರೆಗೆ, ಹೆಣ್ಣು ನೋಡುವ ಪಡಸಾಲೆಯಿಂದ ಹಿಡಿದು ಮಣ್ಣಿಗೆ ಹೋಗಿ ಬಂದವರು ಕೂರುವ ಕಟ್ಟೆಯವರೆಗೆ ಎಲ್ಲೆಲ್ಲೂ ಹಬೆಯಾಡುತ್ತ ನೆಲೆಸಿರುವ ತಮ್ಮ ಸನ್ನಿಧಾನಕ್ಕೆ ಕೂಡ್ಲಿಗಿಯ ನಾಗಲಿಂಗಮ್ಮ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ ಎಂದು ಬರೆದು ಮುಂದುವರಿಯುವುದು ವಾಡಿಕೆಯಾದರೂ, ಇಷ್ಟು ದಿನ ನಾವು ಕ್ಷೇಮವಾಗಿಲ್ಲದಿದ್ದುದಕ್ಕೆ ತಾವೇ ಕಾರಣರಾದ್ದರಿಂದ ಆ ಸಾಲನ್ನು ಬಿಟ್ಟುಬಿಟ್ಟಿದ್ದೇನೆ, ಮನ್ನಿಸಬೇಕು. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವೇ ಇಲ್ಲ. ಸಕ್ಕರೆ ಸಿಗದ ಕಾಲದಲ್ಲೂ ಬೆಲ್ಲ ಹಾಕಿಸಿಕೊಂಡು ಮರ್ಯಾದೆ ಉಳಿಸಿಕೊಂಡವರು ತಾವು.

ನಾನು ಇಲ್ಲಿಯ ಅಂಗನವಾಡಿಯ ಶಿಕ್ಷಕಿ. ಎದೆಹಾಲು ಬಿಟ್ಟ ಕೂಸಿಗೆ ಏನು ಕುಡಿಸಬೇಕು, ಏನು ಕುಡಿಸಬಾರದು ಎಂಬುದನ್ನು ತಾಯಂದಿರಿಗೆ ತಿಳಿಸಿ ಹೇಳುವುದಕ್ಕೆಂದೇ ಸರ್ಕಾರದವರು ನನಗೆ ತರಬೇತಿ ಕೊಟ್ಟು, ಬಣ್ಣದ ಚಿತ್ರಪಟಗಳನ್ನೂ ಕೊಟ್ಟು ಕೂರಿಸಿದ್ದಾರೆ. ಕುದಿಸಿ ಆರಿಸಿದ ನೀರು, ಹಿತಮಿತವಾಗಿ ಹಾಲು, ತೆಳ್ಳಗಿನ ರಾಗಿ ಗಂಜಿ, ಹುಳಿಯಿಲ್ಲದ ಮಜ್ಜಿಗೆ, ಅದೂ ಶೀಶೆಯಲ್ಲಿ ಅಲ್ಲ, ಲೋಟದಲ್ಲಿ ಎಂದು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಇಂಥ ನನ್ನ ಸ್ವಂತ ಮಗ ಓಬಳೇಶ, ಇನ್ನೂ ಎರಡು ತುಂಬದವನು, ತಮ್ಮ ಪರಮಭಕ್ತನಾಗಿ ಹೋದ ಬಗೆಯನ್ನು ತಮ್ಮ ಅವಗಾಹನೆಗೆ ತರುವುದೇ ಈ ಪತ್ರದ ಉದ್ದೇಶ.

ತಾವು ನಮ್ಮ ಕೂಸಿನ ಬಾಯಿಗೆ ಬಂದದ್ದು ಪೇಯವಾಗಿ ಅಲ್ಲ, ಶಿಕ್ಷೆಯಾಗಿ. ಓಬಳೇಶ ನನ್ನನ್ನು ಅಂಗನವಾಡಿಗೆ ಹೋಗಗೊಡದೆ ಸೆರಗು ಹಿಡಿದು ಜೋತುಬೀಳತೊಡಗಿದಾಗ, ಇನ್ನು ಮೊಲೆ ಬಿಡಿಸಲೇಬೇಕು ಎಂದು ನಮ್ಮತ್ತೆ ಉಚ್ಚಂಗೆಮ್ಮನವರು ತೀರ್ಮಾನ ಕೊಟ್ಟರು. ಅದಕ್ಕೆ ಬೇವಿನೆಲೆ ಅರೆದು ಸವರುವುದು ಹಿಂದಿನಿಂದ ಬಂದ ಪದ್ಧತಿ. ಆದರೆ ಅಂದು ಮಂಗಳವಾರವಾಗಿತ್ತು. ನಾನು ಬೇವಿನ ಟೊಂಗೆಗೆ ಕೈ ಚಾಚಿದ್ದೇ ತಡ, ಅತ್ತೆ ಒಳಗಿನಿಂದಲೇ ಕೂಗಿದರು: “ಏಯ್, ಬಿಡವ್ವ ಅದನ್ನ! ಬೇವು ತಾಯಿದು ಐತಿ, ಮಂಗಳವಾರ ಮುರಿಬಾರ್ದು!” ಹಾಗಾದರೆ ನಾಳೆ ನೋಡೋಣ ಅಂದೆ. ಹಿಡಿದ ಕೆಲಸ ನಾಳೆಗೆ ಬಿಡುವ ಜಾಯಮಾನ ಅವರದಲ್ಲ. ಒಲೆಯ ಪಕ್ಕದ ಪಾತ್ರೆಯಲ್ಲಿ ಬೆಳಗಿನಿಂದ ಕುದಿಕುದಿದು ಕರ್ರಗಾಗಿದ್ದ ತಮ್ಮ ಚರಟವನ್ನು ಬೆರಳಲ್ಲಿ ತೆಗೆದು, “ಕಹಿ ಅಂದ್ರ ಕಹಿ. ಇದೇನು ಸೀ ಐತೇನು?” ಎಂದು ಅವರೇ ಸವರಿಬಿಟ್ಟರು.

ಕೂಸು ಬಾಯಿ ಹಾಕಿತು. ಮುಖ ಹಿಂಡಿತು. ನಾವಿಬ್ಬರೂ ನೋಡುತ್ತಿದ್ದಂತೆ ತುಟಿ ಚಪ್ಪರಿಸಿತು, ಸ್ವಲ್ಪ ಯೋಚನೆ ಮಾಡಿತು, ಒಂದು ಚೂರೂ ಉಳಿಯದ ಹಾಗೆ ನೆಕ್ಕಿ, ಇನ್ನೊಂದು ಕಡೆಯೂ ಇದೆಯೇ ಎಂದು ಕೈಯಿಂದ ಸೆರಗು ಸರಿಸಿ ನೋಡಿತು. ಅಯ್ಯೋ ಶಿವನೇ! ತಮ್ಮ ರುಚಿ ಹತ್ತಿದ ಮೇಲೆ ಮೊಲೆ ಬಿಟ್ಟದ್ದೇನೋ ನಿಜ. ಬೇವಿನಷ್ಟೇ ಪರಿಣಾಮಕಾರಿಯಾಗಿ ಕೆಲಸ ಮಾಡಿದ ತಮಗೆ ಅದರ ಕೀರ್ತಿ ಸಲ್ಲಲೇಬೇಕು. ವ್ಯತ್ಯಾಸ ಇಷ್ಟೇ, ಬೇವು ಕೆಲಸ ಮುಗಿಸಿ ಮರಕ್ಕೆ ಹೋಗುತ್ತದೆ. ತಾವು ಮನೆಯಲ್ಲೇ ಉಳಿದಿರಿ.

ಅಂದಿನಿಂದ ಅಜ್ಜಿ ಮೊಮ್ಮಗ ಇಬ್ಬರೂ ಬಾಗಿಲ ಕಟ್ಟೆಯ ಎಳೆಬಿಸಿಲಲ್ಲಿ ಕೂತು, ಕಪ್ಪಿನಿಂದ ಬಸಿಗೆ ಬಗ್ಗಿಸಿಕೊಂಡು, ಉಫ್ ಉಫ್ ಎಂದು ಊದಿ, ಸುರ್ ಎಂದು ಎಳೆಯುವ ಸೇವೆ ಶುರುವಾಯಿತು. ಮನೆಯಲ್ಲಿ ಮುಗಿದರೆ ಓಣಿಯಲ್ಲಿ. ನಮ್ಮ ಕಡೆಯ ಹೆಂಗಸರು ಬಾಗಿಲಿಗೆ ಬಂದ ಕೂಸನ್ನು ಬರಿಬಾಯಲ್ಲಿ ಕಳಿಸುವವರಲ್ಲ, ಕಳಿಸಿದರೆ ಹೊತ್ತಿಳಿದರೂ ಮನಸ್ಸಿಗೆ ಸಮಾಧಾನವಿಲ್ಲ. ಹೀಗಾಗಿ ಓಬಳೇಶ ತನ್ನ ಬಸಿಯನ್ನು ತಾನೇ ಹಿಡಿದು ಅನ್ನದಾನಮ್ಮನ ಮನೆ, ಚೌಡಕ್ಕನ ಮನೆ ಎಂದು ಜಂಗಮರ ಹಾಗೆ ಸುತ್ತತೊಡಗಿದ. ಬೇಡವೆಂದು ನಾನು ಕೈಮುಗಿದರೆ ಅನ್ನದಾನಮ್ಮ, “ಒಂದು ಗುಟುಕಿಗೆ ಏನಾಗ್ತೈತಿ ಬಿಡವ್ವ, ನೀರ ಅಲ್ಲೇನು ಅದು?” ಎಂದು ನನ್ನನ್ನೇ ಸಮಾಧಾನಪಡಿಸುತ್ತಿದ್ದಳು. ಒಂದು ಓಣಿ ತುಂಬ ಒಂದೊಂದು ಗುಟುಕು ಕೂಡಿದರೆ ಎಷ್ಟಾಗುತ್ತದೆ ಎಂದು ತಮಗೆ ಹೇಳಬೇಕೇ?

ತಮಗೆ ಪ್ರತಿಸ್ಪರ್ಧಿಗಳನ್ನು ನಿಲ್ಲಿಸಿ ನೋಡಲಿಲ್ಲ ಎಂದುಕೊಳ್ಳಬೇಡಿ. ಎಮ್ಮೆ ಹಾಲು ಕೊಟ್ಟೆ, ಮೇಲಿನ ಕೆನೆಯನ್ನು ಸತ್ತ ಹುಳ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿ ಅಜ್ಜಿಯ ಸೀರೆಗೆ ಒರೆಸಿ, ಉಳಿದದ್ದನ್ನು ಬೆಕ್ಕಿಗೆ ತೋರಿಸಿದ. ಮಜ್ಜಿಗೆಯನ್ನು ಬಾಯಿ ತುಂಬ ತುಂಬಿಕೊಂಡು ಕಾರಂಜಿ ಬಿಟ್ಟ. ನಮ್ಮ ಯಜಮಾನರು ಪಾಲಾಕ್ಷಪ್ಪನವರು ಬಸ್ ಕಂಡಕ್ಟರು, ಹರಪನಹಳ್ಳಿ ಕಡೆ ಓಡಾಡುವವರು. ಚಹಾ ಬಿಡಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ಕೊಟ್ಟೂರಿನಿಂದ ಕೆಂಪು ಬಣ್ಣದ ಗೋಲಿ ಸೋಡಾ ತಂದು, ನನ್ನ ಚಿತ್ರಪಟದಲ್ಲಿ ತಮ್ಮ ಪಕ್ಕದಲ್ಲೇ ಅದಕ್ಕೂ ಅಡ್ಡಗೀಟು ಹಾಕಿದ್ದಾರೆಂದು ನಾನು ಬಾಯಿ ಬಿಡುವ ಮೊದಲೇ ಕುಡಿಸಿಬಿಟ್ಟರು. ಸೋಡಾ ಮೂಗಿನಿಂದ ಹೊರಬಂತು, ಕೂಸಿಗೆ ಶೀಶೆಯೊಳಗಿನ ಗೋಲಿ ಬೇಕಾಯಿತು, ಅದಕ್ಕಾಗಿ ಎದ್ದ ರಂಪ ಅಡಗಿದ್ದು ತಮ್ಮ ಒಂದು ಬಸಿಯಿಂದಲೇ. ಅಂದು ನಾನೇ ಸೋತು ಬಗ್ಗಿಸಿಕೊಟ್ಟೆ. ಆಗ ತಾವು ಹಬೆಯೊಳಗೇ ನಕ್ಕಿರೆಂದು ನನಗೆ ಅನುಮಾನವಿದೆ.

ತಮ್ಮ ಪ್ರತಿಭೆ ಪೂರ್ತಿಯಾಗಿ ಬೆಳಕಿಗೆ ಬಂದದ್ದು ತಾಯಂದಿರ ಸಭೆಯ ದಿನ. ಓಣಿಯ ಹೆಂಗಸರನ್ನೆಲ್ಲ ಕೂರಿಸಿ, ಚಿತ್ರಪಟ ಗೋಡೆಗೆ ತೂಗುಹಾಕಿ, ಚಹಾ ಕೂಸಿನ ಹಸಿವನ್ನು ಕೊಲ್ಲುತ್ತದೆ, ರಕ್ತವನ್ನು ಬಿಳಿಚಿಸುತ್ತದೆ ಎಂದು ನಾನು ದನಿ ಏರಿಸಿ ಹೇಳುತ್ತಿದ್ದೆ. ಅತ್ತೆಯ ತೊಡೆಯಿಂದ ಜಾರಿಕೊಂಡ ಓಬಳೇಶ ನೆಟ್ಟಗೆ ಬಂದ. ಅಡ್ಡಗೀಟಿನ ಹಿಂದೆ ಅವಿತಿದ್ದ ತಮ್ಮ ಚಿತ್ರವನ್ನು ಗುರುತು ಹಿಡಿದ. ಹಬೆ ಬರೆದಿದ್ದರಲ್ಲ, ಬಿಸಿ ಇದ್ದೀತೆಂದು ಉಫ್ ಉಫ್ ಎಂದು ಊದಿದ. ಆಮೇಲೆ ಗೋಡೆಗೆ ಬಾಯಿ ಹಚ್ಚಿ ಸುರ್ ಎಂದು ಎಳೆದ. ಜಂಬಕ್ಕ ಎನ್ನುವವಳು ಸೆರಗನ್ನು ಬಾಯಿಗೆ ತುರುಕಿಕೊಂಡೇ, “ಟೀಚರಮ್ಮ, ಪಾಠ ಭಾಳ ಚಲೋ ಐತ್ರಿ, ಕೂಸಿನ ಬಾಯಾಗ ನೀರು ಬಂತು ನೋಡ್ರಿ!” ಅಂದಳು. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆಯನ್ನು ಅಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನಗೆಪಾಟಲಾದದ್ದನ್ನು ನಾನು ನುಂಗಿಕೊಂಡೇನು, ಮಹಾಶಯರೇ. ಸಭೆ ಮುಗಿದ ಮೇಲೆ ಕೂಸುಗಳನ್ನು ತೂಗಿದೆ. ಜಂಬಕ್ಕನ ಮಗಳು ನನ್ನ ಮಗನ ಓರಗೆಯವಳು, ತೂಕದ ಜೋಳಿಗೆಯಲ್ಲಿ ಗುಂಡಗೆ ತೂಗಾಡಿದಳು. ನನ್ನವನನ್ನು ಕೂರಿಸಿದಾಗ ಮುಳ್ಳು ಏಳಲೇ ಇಲ್ಲ. ತಕ್ಕಡಿ ಕೆಟ್ಟಿದೆಯೇನೋ ಎಂದು ಕಾಲಿನ ಕಡಗ ಸಮೇತ ಮತ್ತೆ ತೂಗಿದೆ. ಆಗ ಲೆಕ್ಕ ಹಾಕಿದೆ, ಈ ಕೂಸು ತಾನಾಗಿ ಅನ್ನ ಕೇಳಿ ಎಷ್ಟು ಕಾಲವಾಯಿತು ಎಂದು. ನೆನಪೇ ಬರಲಿಲ್ಲ. ಊರಿನ ಕೂಸುಗಳನ್ನೆಲ್ಲ ಕಾಯುವವಳು ನನ್ನ ಕೂಸಿನ ಹಸಿವು ಕಳೆದುಹೋದದ್ದನ್ನು ನೋಡಲಿಲ್ಲವಲ್ಲ!

ಕೊಟ್ಟೂರಿನ ವೈದ್ಯರ ಹತ್ತಿರ ಅತ್ತೆಯನ್ನೂ ಕರೆದುಕೊಂಡು ಹೋದೆ. ವೈದ್ಯರು ಕೂಸಿನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಜಗ್ಗಿ ಒಳಗಿನ ಬಣ್ಣ ತೋರಿಸಿದರು. ಕೆಂಪಗಿರಬೇಕಾದದ್ದು ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು. “ಯಮ್ಮಾ, ಹೊಟ್ಟಿ ತುಂಬ ಚಾ ತುಂಬಿದ್ರ ರೊಟ್ಟಿಗೆ ಜಾಗ ಎಲ್ಲೈತಿ?” ಎಂದರು ವೈದ್ಯರು, ಅತ್ತೆಯ ಕಡೆಗೆ ನೋಡದೆಯೇ. ದಾರಿಯುದ್ದಕ್ಕೂ ಅತ್ತೆ ಕೂಸಿನ ರೆಪ್ಪೆಯನ್ನು ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದರು. ಕೂಡ್ಲಿಗಿಯಲ್ಲಿ ಇಳಿದಾಗ ಚಹಾದಂಗಡಿಯ ಜೋಗಪ್ಪ ಎಂದಿನಂತೆ, “ಯವ್ವಾ, ಬರ್ರಿ, ಬಿಸಿ ಐತಿ” ಎಂದು ಕೂಗಿದ. ಅವರು ಅತ್ತ ತಿರುಗಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅಂಥದ್ದನ್ನು ಕಂಡಿರಲಿಲ್ಲ, ಪಾಪ ಜೋಗಪ್ಪನೂ ಕಂಡಿರಲಿಕ್ಕಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ಚಹಾಪುಡಿಯ ಡಬ್ಬಿಯನ್ನು ಅನ್ನದಾನಮ್ಮನ ಕೈಗಿಟ್ಟು, ಓಣಿಯ ನಡುವೆ ನಿಂತು ಸಾರಿದರು: “ಕೇಳ್ರವ್ವ! ನಮ್ಮ ಕೂಸಿನ ಬಸಿಗೆ ಚಾ ಹಾಕಿದವ್ರಿಗೆ ತಾಯಿ ಆಣಿ ಐತಿ, ನೋಡ್ರಿ ಮತ್ತ!” ಮಂಗಳವಾರ ಬೇವು ಉಳಿಸಿದ ತಾಯಿಯೇ ಬಂದು ತಮ್ಮನ್ನು ಓಡಿಸಿದಳು. ಆಮೇಲೆ ಅತ್ತೆ ಅದೇ ಕಟ್ಟೆಯ ಮೇಲೆ, ಅದೇ ಬಿಸಿಲಲ್ಲಿ, ಅದೇ ಬಸಿಗೆ ಬೆಲ್ಲದ ರಾಗಿ ಗಂಜಿ ಬಗ್ಗಿಸಿ, ಆರಿ ಹೋಗಿದ್ದರೂ ಉಫ್ ಉಫ್ ಎಂದು ಊದಿ, ತಮಗೆ ಸಲ್ಲುತ್ತಿದ್ದ ಅಷ್ಟೂ ಮರ್ಯಾದೆಯನ್ನು ಅದಕ್ಕೆ ಸಲ್ಲಿಸಿ, ಸುರ್ ಎಂದು ಎಳೆದರು. ಓಬಳೇಶ ಬಗ್ಗಿ ಬಣ್ಣ ನೋಡಿದ, ಅಜ್ಜಿಯ ಮುಖ ನೋಡಿದ. ಬಾಯಿ ಒಡ್ಡಿದ. ಅವನು ಕುಡಿದ, ಅಜ್ಜಿಗೆ ಮಾತ್ರ ತಾವಿಲ್ಲದೆ ತಲೆ ಸಿಡಿಯತೊಡಗಿತು. ಹಣೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿ ನರಳುವುದನ್ನು ನೋಡಲಾರದೆ, ಅರ್ಧ ಲೋಟ ಒಳಗೆ ಮಾಡಿಕೊಡಲೇ ಎಂದು ಕೇಳಿದೆ. “ಸಿಡೀಲಿ ಬಿಡು. ಸವರಿದ ಕೈ ನಂದ ಅಲ್ಲೇನು?” ಅಂದರು. ಅತ್ತೆ ಸೊಸೆ ಜಗಳಕ್ಕೆ ಒಂದು ವಾರ ರಜೆ ಸಿಕ್ಕಿತು.

ಈಗ ನನ್ನ ವಿನಂತಿಗಳನ್ನು ಮುಂದಿಡುತ್ತೇನೆ. ತಾವು ನಮ್ಮ ಓಣಿ ದಾಟುವಾಗ ವಾಸನೆಯನ್ನು ಬಸ್ ನಿಲ್ದಾಣದಲ್ಲೇ ಬಿಟ್ಟು ಬರಬೇಕು. ಐದು ವರ್ಷದೊಳಗಿನ ಕೂಸು ಕಂಡ ಕೂಡಲೇ, ಅದು ಎಂಥ ಮುದ್ದು ಮುಖ ಮಾಡಿದರೂ ಮರುಳಾಗದೆ, ತಾವೇ ನಾಚಿಕೊಂಡು ಕುದಿಸಿ ಆರಿಸಿದ ನೀರಾಗಿಬಿಡಬೇಕು. ಬೀಗರಿಗೆ, ಅಧಿಕಾರಿಗಳಿಗೆ, ಮುಖ್ಯವಾಗಿ ಸಭೆಯಲ್ಲಿ ನಗುವವರಿಗೆ ಎಷ್ಟು ಬೇಕಾದರೂ ಒದಗಿರಿ, ನನ್ನ ತಕರಾರಿಲ್ಲ. ಇಷ್ಟು ತಿಂಗಳು ತಾವು ನುಂಗಿದ ನನ್ನ ಮಗನ ಹಸಿವನ್ನು ಮಾತ್ರ ಮರಳಿಸಬೇಕು ಎಂದು ಬರೆಯುವವಳಿದ್ದೆ.

ಅದನ್ನು ಬರೆಯುವ ಅಗತ್ಯ ಬೀಳಲಿಲ್ಲ. ನಿನ್ನೆ ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಬಾಗಿಲಲ್ಲಿ ಅತ್ತೆ, ಅವರ ಬೆರಳು ಹಿಡಿದು ಓಬಳೇಶ. ಕೈಯಲ್ಲಿ ಬಸಿ ಇರಲಿಲ್ಲ. ಬಂದವನೇ ನನ್ನ ಸೆರಗು ಜಗ್ಗಿ, “ಅವ್ವಾ, ಲೊಟ್ಟಿ” ಅಂದ. ನಾನು ಹಾಡು ಬಿಟ್ಟು ನಿಂತೆ. ಕೇಳಿಸಲಿಲ್ಲವೆಂದು ತಿಳಿದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಳುತ್ತ, “ಲೊಟ್ಟಿ ಕೊಡು!” ಎಂದು ಕಿರುಚಿದ. ಕೂಸು ಹಸಿದು ಅತ್ತರೆ ತಾಯಿಗೆ ಕುಣಿಯಬೇಕೆನಿಸುವುದು ಲೋಕದಲ್ಲಿ ಎಲ್ಲೂ ಇರಲಿಕ್ಕಿಲ್ಲ. ನನಗೆ ಹಾಗೆ ಅನಿಸಿತು.

ಇಂತು, ತಮ್ಮ ಮೇಲೆ ಇನ್ನು ಎಳ್ಳಷ್ಟೂ ವಿಶ್ವಾಸ ಉಳಿಯದಿದ್ದರೂ ತಮ್ಮ ವಿಶ್ವಾಸಿ ಎಂದೇ ರುಜು ಹಾಕಬೇಕಾದ,

ನಾಗಲಿಂಗಮ್ಮ
ಅಂಗನವಾಡಿ, ಕೂಡ್ಲಿಗಿ

ತಾಜಾಕಲಂ: ಇಂದು ಬೆಳಗ್ಗೆ ಅತ್ತೆಯವರು, ಆಣೆ ಇಟ್ಟದ್ದು ಕೂಸಿನ ಬಸಿಗೆ, ಅಜ್ಜಿಯ ಲೋಟಕ್ಕಲ್ಲ ಎಂಬ ಸೂಕ್ಷ್ಮವನ್ನು ಹುಡುಕಿ ತೆಗೆದು, ಅನ್ನದಾನಮ್ಮನಿಂದ ಚಿಟಿಕೆ ಪುಡಿ ತಂದು, ಅಡುಗೆಮನೆಯ ಬಾಗಿಲ ಮರೆಯಲ್ಲಿ ಸಕ್ಕರೆಗೂ ಕಾಯದೆ ಕುಡಿಯುತ್ತಿದ್ದರು. ಓಬಳೇಶ ವಾಸನೆ ಹಿಡಿದು ಬಂದ. ನಾವು ತಡೆಯುವಷ್ಟರಲ್ಲಿ ಲೋಟಕ್ಕೆ ಬೆರಳದ್ದಿ ಬಾಯಿಗಿಟ್ಟ. ಮುಖ ಹಿಂಡಿ, ನಾಲಿಗೆಯನ್ನು ಅಜ್ಜಿಯ ಸೀರೆಗೆ ತಿಕ್ಕಿ, “ಕಯ್ಯಿ!” ಅಂದ. ಮಹಾಶಯರೇ, ತಮ್ಮನ್ನು ಆ ಮಂಗಳವಾರ ಕರೆಸಿದ್ದು ಕಹಿ ಎಂಬ ಈ ಒಂದು ಮಾತು ಹೇಳಿಸುವುದಕ್ಕಾಗಿ. ತಡವಾಗಿಯಾದರೂ ಬಂದ ಕೆಲಸ ಮುಗಿಯಿತು, ತಾವಿನ್ನು ಹೊರಡಬಹುದು.