ಮಾಳಿಗೆಯ ಮೇಲಿನ ಆಕಾಶ

ನಡೆದದ್ದು ಇಷ್ಟು. ಮಾಸ್ತರ ಕದ್ದು ನೋಡಲಿಲ್ಲ, ನಾನು ಕದ್ದು ಏರಿದೆ. ಓಣಿಯಲ್ಲಿ ಈ ಕತೆಗೆ ಕೈಕಾಲು ಬಂದಿವೆ. ಡ್ರೋನ್ ಬಂದು ನನ್ನ ಸೆರಗು ಎಳೆಯಿತಂತೆ, ನಾನು ಅದನ್ನು ಕಸಬರಿಗೆಯಿಂದ ಹೊಡೆದು ಕೆಡವಿದೆನಂತೆ. ಎಲ್ಲ ಸುಳ್ಳು. ನನ್ನ ಕಸಬರಿಗೆ ಅಷ್ಟು ಎತ್ತರಕ್ಕೆ ಮುಟ್ಟುವುದಿಲ್ಲ. ಮುಟ್ಟಿದ್ದರೆ ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ಗುರುಗುಂಟಾದಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಗೆ ಮೆಟ್ಟಿಲಿಲ್ಲ, ಹಿತ್ತಲಲ್ಲಿ ಒಂದು ನಿಚ್ಚಣಿಕೆ ಇದೆ. ಅದನ್ನು ಏರಕೂಡದೆಂದು ನನ್ನ ಮಗ ಬಸವರಾಜ ಹೋದ ವರ್ಷ ಕಟ್ಟಪ್ಪಣೆ ಮಾಡಿದ್ದಾನೆ, ಯಾಕೆಂದರೆ ನಾನು ಬಿದ್ದಿದ್ದೆ. ಬಿದ್ದದ್ದು ಬಚ್ಚಲಲ್ಲಿ. ಬಂದಾದದ್ದು ಮಾಳಿಗೆ. ಇದು ಯಾವ ನ್ಯಾಯ ಅಂದರೆ, "ಯವ್ವಾ, ಬಚ್ಚಲ ಬಂದ್ ಮಾಡಾಕ ಬರ್ತೈತೇನು?" ಅಂದ. ಲಿಂಗಸುಗೂರು ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಚಾದಂಗಡಿ. ಬೆಳಕು ಹರಿಯುವ ಮೊದಲೇ ಬೈಕು ಹತ್ತುತ್ತಾನೆ. ಅವನ ಬೈಕಿನ ಸದ್ದು ಓಣಿ ದಾಟಿತೆಂದರೆ ಆ ಅಪ್ಪಣೆಯೂ ಓಣಿ ದಾಟಿದ ಹಾಗೆ.

ಉಳಿದವಳು ಸೊಸೆ ಶರಣಮ್ಮ. ನನಗಿಂತ ಒಂದು ಗೇಣು ಎತ್ತರ, ಮಾತು ಮಾತ್ರ ನನ್ನ ಕಾಲುಭಾಗ. ಏನಾದರೂ ಹೇಳುವುದಿದ್ದರೆ ಪಾತ್ರೆಗಳ ಕೈಯಲ್ಲಿ ಹೇಳಿಸುತ್ತಾಳೆ. ಬೆಳಿಗ್ಗೆ ಅವಳು ರೊಟ್ಟಿ ಬಡಿಯಲು ಕೂತರೆ ಆ ಸದ್ದೇ ನನಗೆ ಗಡಿಯಾರ. ಪಟ ಪಟ ಕೇಳುತ್ತಿರುವವರೆಗೆ ಅವಳು ಒಲೆ ಬಿಟ್ಟು ಏಳುವುದಿಲ್ಲ, ನಾನು ನಿಶ್ಚಿಂತೆಯಿಂದ ಏರಬಹುದು. ನಡುವೆ ಸದ್ದು ನಿಲ್ಲುತ್ತಿತ್ತು. ರೊಟ್ಟಿ ಬೇಯಿಸುತ್ತಿರಬೇಕು ಅಂದುಕೊಳ್ಳುತ್ತಿದ್ದೆ. ದಿನಕ್ಕೊಂದು ರೊಟ್ಟಿ ಸೀದಿರುತ್ತಿತ್ತು. ಅದಕ್ಕೂ ಬೈಯುತ್ತಿದ್ದೆ. "ಧ್ಯಾನ ಎಲ್ಲಿ ಇಟ್ಟೀಯವಾ? ಹೆಂಚಿನ ಮುಂದ ಕುಂತು ರೊಟ್ಟಿ ಸುಡ್ತೀಯಲ್ಲ!" ಅವಳು ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಳ್ಳುತ್ತಿದ್ದಳು.

ಮಾಳಿಗೆ ಮೇಲೆ ಅಂಥದ್ದೇನಿದೆ ಎಂದು ಕೇಳಿದರೆ, ಏನೂ ಇಲ್ಲ. ಒಣಹಾಕಿದ ಮೆಣಸಿನಕಾಯಿ ಇದೆ, ಅದನ್ನು ಹೊರಳಿಸಬೇಕು. ಗಾಳಿ ಇದೆ. ಕೂತರೆ 'ಏಳು' ಅನ್ನುವವರಿಲ್ಲ, ಎದ್ದರೆ 'ಕೂಡು' ಅನ್ನುವವರಿಲ್ಲ. ಅಲ್ಲಿ ನಿಂತರೆ ಇಡೀ ಓಣಿ ಕಾಣುತ್ತದೆ. ಯಾರ ಒಲೆಯ ಹೊಗೆ ತಡವಾಗಿ ಎದ್ದಿತು, ಯಾರ ಎಮ್ಮೆ ಯಾರ ಕಣಿಕೆಗೆ ಬಾಯಿ ಹಾಕಿತು, ಎಲ್ಲ. ಈ ವಯಸ್ಸಿಗೆ ಬೇರೇನು ಬೇಕು?

ಹೀಗಿರುವಾಗ ಹಿಂದಿನ ಓಣಿಯ ವಿರುಪಾಕ್ಷಿ ಮಾಸ್ತರ ಡ್ರೋನ್ ತಂದ. ಪಾಮನಕಲ್ಲೂರಿನ ಕಡೆ ಶಾಲೆಗೆ ಹೋಗಿ ಬರುವ ಮನುಷ್ಯ, ನಲವತ್ತು ದಾಟಿದ್ದಾನೆ, ಒಳ್ಳೆಯವನೇ. ನಾನು ಡ್ರೋನ್ ನೋಡದವಳಲ್ಲ. ಸಿಂಧನೂರಿಗೆ ತಂಗಿಯ ಮನೆಗೆ ಹೋದಾಗ ಆರ್.ಎಚ್. ಕ್ಯಾಂಪಿನ ಗದ್ದೆಗಳಲ್ಲಿ ಔಷಧ ಹೊಡೆಯುವುದನ್ನು ನೋಡಿದ್ದೇನೆ. ಅದು ಎಮ್ಮೆಯ ಕರುವಿನಷ್ಟು ಇತ್ತು, ಗದ್ದೆಯ ಕೆಲಸ ಮುಗಿಸಿ ಮರ್ಯಾದೆಯಿಂದ ಇಳಿಯುತ್ತಿತ್ತು. ಮಾಸ್ತರನದು ಅಂಗೈ ಅಗಲದ್ದು, ಅದಕ್ಕೆ ಕೆಲಸವೇ ಇಲ್ಲ. ಮುಂಜಾನೆ ಎದ್ದು ಗುಂಯ್ ಅನ್ನುತ್ತ ಊರು ತಿರುಗುವುದು, ಸೂರ್ಯ ಹುಟ್ಟುವುದನ್ನು ತೆಗೆಯುವುದು, ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕುವುದು. ಸೂರ್ಯ ದಿನಾ ಹುಟ್ಟುತ್ತಾನೆ. ಗ್ರೂಪಿಗೆ ಹಾಕದಿದ್ದರೂ ಹುಟ್ಟುತ್ತಾನೆ.

ಒಂದು ದಿನ ಸೂರ್ಯನ ಜೊತೆ ನಾನೂ ಹುಟ್ಟಿದ್ದೆ. ವಿಡಿಯೋದ ಮೂಲೆಯಲ್ಲಿ ಮಾಳಿಗೆ ಮೇಲೆ ನಿಂತಿದ್ದೆನಂತೆ. ಚಾದಂಗಡಿಯಲ್ಲಿ ಯಾರೋ ಅದನ್ನು ನೋಡಿ, "ನಿಮ್ಮವ್ವ ಇನ್ನೂ ಗಟ್ಟಿ ಅದಾಳ ಬಿಡಪಾ" ಅಂದರಂತೆ. ಕೂಡಲೇ ಮಗನ ಫೋನು.

"ಯವ್ವಾ, ಮಾಳಿಗಿ ಏರಿದ್ದೇನು?"

"ಯಾರಂದ್ರು?"

"ಯಾರೂ ಅಂದಿಲ್ಲ ಬೇ, ಕಣ್ಣಾರೆ ನೋಡಾಕತ್ತೀನಿ! ಸಂಜಿಗೆ ಬಂದು ನಿಚ್ಚಣಿಕಿ ಮ್ಯಾಲೆ ಕಟ್ತೀನಿ. ಮುಗೀತು ನಿನ್ನ ಮಾಳಿಗಿ."

ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ಮಾಸ್ತರನ ಮೇಲೆ ಬಂದದ್ದೇ ಹೆಚ್ಚು. ಮನೆ ನನ್ನದು, ಗೋಡೆ ನನ್ನದು. ಮೇಲಿನ ಗಾಳಿ ಇವನಿಗೆ ಯಾರು ಕೊಟ್ಟರು? ಮುಂದಿನ ಬಸ್ಸಿಗೇ ಲಿಂಗಸುಗೂರಿಗೆ ಹೊರಟೆ. ತಂಗಿಯ ಮಗ ಚನ್ನಬಸವ ಅಲ್ಲಿ ವಕೀಲ. ಮಗನ ಕಣ್ಣಿಗೆ ಬೀಳಬಾರದೆಂದು ಒಂದು ಸ್ಟಾಪು ಮೊದಲೇ ಇಳಿದು, ತಲೆ ತುಂಬ ಸೆರಗು ಹೊದ್ದು ನಡೆದೆ. ಚನ್ನಬಸವ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಉಪ್ಪಿಟ್ಟು ತಿನ್ನುತ್ತಿದ್ದ.

"ದೊಡ್ಡವ್ವ, ಮನಿ ನಿಂದು ಖರೆ. ಆದ್ರ ಮ್ಯಾಲಿನ ಆಕಾಶ ನಿನ್ನ ಖಾತೇದಾಗ ಇಲ್ಲ. ಅಂಥಾ ಸಣ್ಣದನ್ನ ಶೋಕಿಗೆ ಹಾರಸಾಕ ಲೈಸೆನ್ಸ್ ಬೇಕಿಲ್ಲ. ವಿಮಾನ ಇಳಿಯೋ ಜಾಗಾ, ಮಿಲಿಟ್ರಿ ಜಾಗಾ ಅಂಥಲ್ಲಿ ಹಾರಸಂಗಿಲ್ಲ. ನಮ್ಮ ಕಡೆ ಅಂಥಾವು ಇಲ್ಲ. ಮನಿ ಮ್ಯಾಲೆ ಹಾದು ಹೋದ್ರ ಅಷ್ಟಕ್ಕ ಅಪರಾಧ ಆಗೂದಿಲ್ಲ."

"ಹಂಗಾದ್ರ ಬಚ್ಚಲದಾಗ ಇಣಕಿದ್ರೂ ಸುಮ್ನಿರಬೇಕೇನು?"

"ಇಣಕಿದ್ರ ಕೇಸು. ಬಿದ್ದು ಏನರ ಮುರದ್ರ ನುಕಸಾನಿ ಕೇಳಬೌದು. ದಿನಾ ತಲಿ ಮ್ಯಾಲೆ ಬಂದು ತ್ರಾಸ ಕೊಟ್ರ ಅರ್ಜಿ ಕೊಡಬೌದು. ಅವ ಬಚ್ಚಲದಾಗ ಇಣಕ್ಯಾನೇನು?"

"ಇಲ್ಲ."

"ಮತ್ತೇನು ನೋಡ್ಯಾನ?"

"ಮೆಣಸಿನಕಾಯಿ."

ಚನ್ನಬಸವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. "ಮೆಣಸಿನಕಾಯಿ ಮಾನ ಹೋತು ಅಂತ ಕೋರ್ಟಿನಾಗ ಹೆಂಗ ಹೇಳ್ಲಿ ಬೇ? ನೀ ಏರಿದ್ದು ಬಸಣ್ಣಗ ಗೊತ್ತಾತು, ಅದು ನಿನ್ನ ತಕರಾರು. ಅದಕ್ಕ ಕಾಯ್ದೆ ಇಲ್ಲ. ಹೋಗಿ ಮಾಸ್ತರನ ಕೂಡ ಮಾತಾಡು. ಏನೇನು ತಗದಾನ ಪೂರಾ ತೋರಸು ಅನ್ನು. ಕೇಳೂದು ನಿನ್ನ ಹಕ್ಕು." ಫೀಸು ತೆಗೆದುಕೊಳ್ಳಲಿಲ್ಲ, ಉಪ್ಪಿಟ್ಟು ಕೊಟ್ಟ. ಉಪ್ಪಿಟ್ಟು ಗಂಟು ಗಂಟಾಗಿತ್ತು.

ಮಾಸ್ತರ ಶಾಲೆಯಿಂದ ಬರುವುದನ್ನೇ ಕಾದು ಅವನ ಕಟ್ಟೆಯ ಮೇಲೆ ಕೂತೆ. ಬಂದವನು ಹೆದರಿ, "ಅಜ್ಜೀ, ನಾ ನಿಮ್ಮನ್ನ ತಗದಿಲ್ರೀ, ಸೂರ್ಯನ್ನ ತಗದೀನಿ. ನೀವು ಅಡ್ಡ ಬಂದೀರಿ" ಅಂದ.

"ನನ್ನ ಮಾಳಿಗಿ ಮ್ಯಾಲೆ ನಾ ಅಡ್ಡ ಬಂದೆನಾ?"

"ಹಂಗಲ್ರೀ. ನೀವು ಅಲ್ಲಿ ನಿಂತು ಇಡೀ ಓಣಿ ನೋಡ್ತೀರಲ್ಲ, ಅದಕ್ಕ ಯಾರ ಪರವಾನಗಿ ತಗೊಂಡೀರಿ?"

"ನಾ ನೋಡಿದ್ದನ್ನ ಗ್ರೂಪಿಗೆ ಹಾಕೂದಿಲ್ಲೋ ಮಾಸ್ತರ!"

ಇದು ಪೂರ್ತಿ ನಿಜವಲ್ಲ. ನಳದ ಮುಂದೆ ಹೇಳುತ್ತೇನೆ. ಆದರೆ ನಳದ ಮುಂದೆ ಹೇಳಿದ್ದು ಲಿಂಗಸುಗೂರಿಗೆ ಮುಟ್ಟಬೇಕಾದರೆ ಎರಡು ದಿನವಾದರೂ ಬೇಕು. ಅಷ್ಟರಲ್ಲಿ ಮನುಷ್ಯ ಒಂದು ನೆಪ ಹುಡುಕಿಕೊಳ್ಳಬಹುದು. ಆಮೇಲೆ ಮಾಸ್ತರನಿಗೆ ಅವನ ಅಪ್ಪನನ್ನೇ ನೆನಪಿಸಿದೆ. ನಮ್ಮ ಕಡೆ ಗಂಡಸರು ಮಾಳಿಗೆಗೆ ಮಣ್ಣು ಹಾಕಲು ಏರುವಾಗ ಮೊದಲು ಕೂಗುತ್ತಿದ್ದರು. ಬಯಲು ಬಚ್ಚಲಲ್ಲಿ ಇದ್ದ ಹೆಂಗಸರು ಸೀರೆ ಸುತ್ತಿಕೊಳ್ಳಲಿ ಎಂದು. ಅವನ ಅಪ್ಪ ಸಂಗಪ್ಪ "ಮಾಳಿಗಿ ಏರಾಕತ್ತೀನ್ರೆವ್ವಾ!" ಎಂದು ಕೂಗಿದರೆ ಎಮ್ಮೆಗಳು ಕೂಡ ಒಳಗೆ ಹೋಗುತ್ತಿದ್ದವು. "ನಿಮ್ಮಪ್ಪ ಏರಾಕಿಂತ ಮೊದಲು ಕೂಗ್ತಿದ್ದ. ನೀ ಸುಮ್ನ ಮ್ಯಾಲೆ ಬರ್ತಿ. ಕೂಗಿ ಹಾರಸು" ಅಂದೆ. ಮಾಸ್ತರ ತಲೆ ಕೆರೆದುಕೊಂಡು ಒಪ್ಪಿದ.

"ಇನ್ನ ಪೂರಾ ತೋರಸು, ಏನೇನು ತಗದೀ?"

ಫೋನು ಹಿಡಿದು ತೋರಿಸಿದ. ನನ್ನ ಮಾಳಿಗೆ ರೊಟ್ಟಿಯಷ್ಟು ಕಂಡಿತು, ಮೇಲೆ ಕೆಂಪಗೆ ಮೆಣಸಿನಕಾಯಿ. ನಿಚ್ಚಣಿಕೆಯ ಮೇಲೆ ಇರುವೆಯ ಹಾಗೆ ನಾನು. ನಿಚ್ಚಣಿಕೆಯ ಬುಡದಲ್ಲಿ ಹಸಿರು ಸೀರೆಯ ಇನ್ನೊಂದು ಇರುವೆ.

"ಇದ್ಯಾರು?"

"ಶರಣಮ್ಮಕ್ಕ ಅಲ್ಲೇನ್ರೀ? ದಿನಾ ಇರ್ತಾರಲ್ಲ."

ಬೆರಳಿನಿಂದ ದೊಡ್ಡದು ಮಾಡಿದ. ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲೆ ಒತ್ತಿಟ್ಟು, ಎರಡೂ ಕೈಯಿಂದ ನಿಚ್ಚಣಿಕೆ ಹಿಡಿದು, ಕತ್ತು ಮೇಲೆತ್ತಿ ನಿಂತಿದ್ದಳು. ನಾನು ಮೇಲೆ ಮುಟ್ಟಿದ ಮೇಲೆ ಒಳಗೆ ಹೋದಳು. ಇಳಿಯುವಾಗ ಮತ್ತೆ ಬಂದಳು. ನನ್ನ ಕಾಲು ನೆಲಕ್ಕೆ ಹತ್ತಿರವಾಗುತ್ತಿದ್ದ ಹಾಗೆ ಕೊಟ್ಟಿಗೆಯ ಹಿಂದೆ ಓಡಿದಳು. ಮಾಸ್ತರ ಬೇರೆ ದಿನದ್ದು ತೆಗೆದ, ಅಲ್ಲೂ ಓಡಿದಳು. ಆ ಎತ್ತರದ ಹೆಂಗಸು ಹಾಗೆ ಬಗ್ಗಿ ಓಡುವುದನ್ನು ನಾನು ಎಂದೂ ನೋಡಿರಲಿಲ್ಲ. ಸದ್ದು ಯಾಕೆ ನಿಲ್ಲುತ್ತಿತ್ತು, ರೊಟ್ಟಿ ಯಾಕೆ ಸೀಯುತ್ತಿತ್ತು ಎಂಬುದು ಅಂಗೈ ಅಗಲದ ಯಂತ್ರಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನನ್ನ ಕಳ್ಳತನವನ್ನು ನಂಬಿದ್ದವಳು ನಾನೊಬ್ಬಳೇ. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. "ಇವನ್ನ ಅಳಸಿಬಿಡು. ನನ್ನ ಮಗ ನೋಡಿದ್ರ ಅಕಿನ್ನೂ ಬೈತಾನ" ಅಂದೆ. ಅಳಿಸಿದ.

ದೀಪ ಹಚ್ಚುವ ಹೊತ್ತಿಗೆ ಬಸವರಾಜ ಬಂದು ನಿಚ್ಚಣಿಕೆಯನ್ನು ಕೊಟ್ಟಿಗೆಯ ತೊಲೆಗೆ ಎತ್ತಿ ಕಟ್ಟಿದ, ನನ್ನ ಕೈಗೆ ಎಟುಕದ ಹಾಗೆ. "ಯವ್ವಗ ಕೊಡಬ್ಯಾಡ" ಎಂದು ಹೆಂಡತಿಗೆ ಹೇಳಿದ. ಅವಳು "ಹೂಂ" ಅಂದಳು.

ಮರುದಿನ ಬೆಳಿಗ್ಗೆ ಮಗನ ಬೈಕು ಓಣಿ ದಾಟಿತು. ಹಿಂದಿನ ಓಣಿಯಿಂದ ಮಾಸ್ತರ, ಹುಡುಗರಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ, "ಹಾರಸಾಕತ್ತೀನ್ರೆವ್ವಾ!" ಎಂದು ಕೂಗಿದ. ಒಳಗೆ ಹೋಗಬೇಕಾದ ಹೆಂಗಸರೆಲ್ಲ ತಲೆ ಬಾಚಿಕೊಂಡು ಹೊರಗೆ ಬಂದರು. ನಾನು ಹಿತ್ತಲಿನ ನಡುವೆ ನಿಂತು ಅಡುಗೆಮನೆಯ ಕಡೆ ತಿರುಗಿ, ಸಂಗಪ್ಪನ ದನಿಯಲ್ಲೇ ಕೂಗಿದೆ: "ಶರಣವ್ವಾ, ಹೆಂಚಿನ ಮ್ಯಾಲಿನ ರೊಟ್ಟಿ ಇಳಸು! ಮಾಳಿಗಿ ಏರಾಕತ್ತೀನಿ!"

ಪಟ ಪಟ ನಿಂತಿತು. ಶರಣಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ತೊಲೆಯಿಂದ ನಿಚ್ಚಣಿಕೆ ಬಿಚ್ಚಿ ಗೋಡೆಗೆ ಇಟ್ಟು, ಬುಡಕ್ಕೆ ಕಾಲು ಒತ್ತಿ ಹಿಡಿದಳು.

"ಅತ್ತೀ, ಇಷ್ಟು ಜೋರು ಬ್ಯಾಡ್ರೀ. ಲಿಂಗಸುಗೂರತನ ಕೇಳಸ್ತೈತಿ."

ನಾನು ಏರಿ ಮೆಣಸಿನಕಾಯಿ ಹೊರಳಿಸಿ ಇಳಿದೆ. ಅವತ್ತು ಒಂದು ರೊಟ್ಟಿಯೂ ಸೀದಿರಲಿಲ್ಲ. ಬೈಯಲು ಬೇರೇನೂ ಸಿಗದೆ, ಪಲ್ಯಕ್ಕೆ ಉಪ್ಪು ಕಡಿಮೆ ಅಂದೆ.