ಬೈಂಡರ್ ಮರುಳಾದದ್ದು

ಬೈಂಡರ್ ಬಾಯಿಂದ ಆ ಮಾತು ಜಾರಿದ್ದು ಬೆಳಗಿನ ಟೀ ಹೊತ್ತಿಗೆ. ಪ್ರೆಸ್ಸಿಗೆ ಹೊಸದಾಗಿ ಬಂದಿದ್ದ ಅಕೌಂಟೆಂಟ್ ಮೇಡಂ ಎಲ್ಲರ ಒತ್ತಾಯಕ್ಕೆ ಒಂದು ಹಾಡು ಹೇಳಿದರು. ಚಪ್ಪಾಳೆ ನಿಂತ ಮೇಲೆ ಕೈಗಂಟಿದ ಗೋಂದು ಒರೆಸಿಕೊಳ್ಳುತ್ತ ಬೈಂಡರ್ ಅಂದ: "ಮೇಡಂ, ನಾನಂತೂ ಮರುಳಾಗಿಬಿಟ್ಟೆ!"

'ಹಾಡಿಗೆ' ಅನ್ನುವುದನ್ನು ಸೇರಿಸಲು ಮರೆತಿದ್ದ.

"ಓಹೋ, ಯಾರಿಗಪ್ಪಾ?" ಅಂದ ಮಷಿನ್‌ಮ್ಯಾನ್. ಇಡೀ ಪ್ರೆಸ್ಸು ಗೊಳ್ಳೆಂದಿತು. ಮೇಡಂ ತಲೆ ತಗ್ಗಿಸಿ ತಮ್ಮ ಕೋಣೆ ಸೇರಿದರು. ಬೈಂಡರ್ ಮುಖ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿಯಾಯಿತು. ಟೈಪ್ ಮಾಡುವವಳು ಅವನ ಪಕ್ಕದ ಮನೆ ಆಂಟಿಗೆ ತಂಗಿ ಮಗಳು ಬೇರೆ. ಅವಳಾಗಲೇ ಫೋನ್ ಹಿಡಿದು ಹೊರಗೆ ಹೋಗಿದ್ದಳು.

ಮಧ್ಯಾಹ್ನದವರೆಗೆ ಅವನು ತಲೆಯೆತ್ತಲಿಲ್ಲ. ಒಂದಿಡೀ ಪುಸ್ತಕವನ್ನು ತಲೆಕೆಳಗಾಗಿ ಹೊಲಿದ. ನೋಡಲಾರದೆ ಪ್ರೂಫ್ ತಿದ್ದುವ ಯಜಮಾನರು ಹತ್ತಿರ ಬಂದರು.

"ಅಷ್ಟಕ್ಕೆಲ್ಲ ನಾಚ್ಕೋತಾರೇನಯ್ಯಾ? ಹಳಗನ್ನಡದಲ್ಲಿ ಮರುಳ್ ಅಂದ್ರೆ ದೆವ್ವ. ಯುದ್ಧ ಮುಗಿದ ಮೇಲೆ ಹೆಣ ತಿನ್ನೋಕೆ ಬಂದು ಕುಣಿಯೋ ಭೂತಗಳು. ಈ ಮೋಹಗೀಹ ಎಲ್ಲ ಆಮೇಲೆ ಅಂಟಿಕೊಂಡಿದ್ದು ಅಂತ ನನ್ನ ಲೆಕ್ಕ."

ಬೈಂಡರ್‌ಗೆ ಹೋದ ಜೀವ ಬಂತು. ಎದ್ದು ನಿಂತು ಕೂಗಿದ: "ಎಲ್ಲರೂ ಕೇಳ್ರಪ್ಪಾ! ನನ್ನ ಮನಸ್ಸಲ್ಲಿ ಬೇರೇನೂ ಇಲ್ಲ. ಮೇಡಂ ಹಾಡು ಕೇಳಿ ದೆವ್ವ ಮೆಟ್ಟಿಕೊಂಡ ಹಾಗಾಯ್ತು, ಅಷ್ಟೇ!"

ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಅಷ್ಟು ಕೆಟ್ಟದಾಗಿತ್ತಾ?" ಅಂದರು. ಕಣ್ಣು ತುಂಬಿತ್ತು. ಅರ್ಧ ದಿನ ರಜೆ ಹಾಕಿ ಹೊರಟೇಹೋದರು. ಈ ಸಲ ಯಾರೂ ನಗಲಿಲ್ಲ. ರದ್ದಿ ಕಾಗದದ ರಾಶಿಯೊಳಗೆ ಹೂತುಹೋಗೋಣ ಅನ್ನಿಸಿತು ಬೈಂಡರ್‌ಗೆ.

ಸಂಜೆ ಕಳ್ಳನಂತೆ ಮನೆಯೊಳಗೆ ಕಾಲಿಟ್ಟ. ಹೆಂಡತಿ ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ ಆಂಟಿ.

"ಏನ್ರೀ, ಯಾರಿಗೋ ಮರುಳಾದ್ರಂತೆ?"

"ಅಯ್ಯೋ, ಮರುಳು ಅಂದ್ರೆ ದೆವ್ವ ಕಣೇ! ಬೇಕಾದ್ರೆ ನಮ್ಮ ಪ್ರೂಫ್ ಯಜಮಾನರನ್ನ ಕೇಳು. ಆಯಮ್ಮನ ದನಿ ಕೇಳಿ ಹೆದರಿಕೊಂಡೆ ಅಂತ ಹೇಳಿದ್ದು." ಹೇಳುವಾಗಲೇ ಮೇಡಂ ಕಣ್ಣು ನೆನಪಾಗಿ ನಾಲಿಗೆ ತೊದಲಿತು.

"ಬೇರೆ ಅರ್ಥ ಇಲ್ವಾ?"

"ಇಲ್ಲವೇ ಇಲ್ಲ. ನನ್ನಾಣೆ."

 ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮದುವೆಗೆ ಮುಂಚೆ ಬಸ್ ಸ್ಟಾಪಲ್ಲಿ, ನಿನ್ನ ನೋಡಿದ ಕೂಡಲೇ ಮರುಳಾದೆ ಅಂದಿದ್ರಲ್ಲ. ಇಷ್ಟು ವರ್ಷ ಅದೊಂದೇ ಮಾತು ನೆನೆಸಿಕೊಂಡು ನಿಮ್ಮ ಜೊತೆ ಏಗಿದೆನಲ್ಲ ರೀ!"

 ಆಂಟಿ ತಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.