ನಂಬರ್ ಕೇಳದ ಟೆಲಿಫೋನ್ ಮಾಮ

ನನ್ನ ಸೋದರಮಾವನಷ್ಟು ಅಂಕಿಗಳನ್ನು ದ್ವೇಷಿಸಿದ ಮನುಷ್ಯ ತಮಿಳುನಾಡಿನ ಇಡೀ ಕಂಬಂ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ. ಅಂಥವನು ಮಾಡುತ್ತಿದ್ದ ಕೆಲಸ ಯಾವುದು ಗೊತ್ತೇ? ಟೆಲಿಫೋನ್ ಆಪರೇಟರ್!

ಅರವತ್ತರ ದಶಕದ ಮಾತು. ನಮ್ಮ ಪೇಟೆಯ ಅಂಚೆ ಕಚೇರಿಯಲ್ಲಿ ನಾನು ಸ್ಟಾಂಪು ಮಾರುತ್ತಿದ್ದೆ. ಪಕ್ಕದಲ್ಲೇ ಮಾಮ ಸ್ವಿಚ್‌ಬೋರ್ಡಿನ ಮುಂದೆ ಕೂರುತ್ತಿದ್ದ. ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲೊಂದು ಪುಟ್ಟ ತಗಡು ಟಪ್ಪೆಂದು ಬೀಳುತ್ತಿತ್ತು. ಆಪರೇಟರು ಆ ತೂತಿಗೆ ವೈರು ಸಿಕ್ಕಿಸಿ "ನಂಬರ್ ಪ್ಲೀಸ್" ಎನ್ನಬೇಕು, ಅವರು ಹೇಳಿದ ನಂಬರಿನ ತೂತಿಗೆ ಇನ್ನೊಂದು ವೈರು ಚುಚ್ಚಬೇಕು. ನಿಯಮ ಇಷ್ಟೇ. ಮಾಮ ಮಾತ್ರ ನಂಬರುಗಳ ಮೇಲೆ ಕಾಗದ ಅಂಟಿಸಿ, ಬಣ್ಣದ ದಾರ ಕಟ್ಟಿಬಿಟ್ಟಿದ್ದ. ಡಾಕ್ಟರಿಗೆ ಕೆಂಪು, ಜವಳಿ ಅಂಗಡಿಗೆ ಹಳದಿ, ಬತ್ತಲಗುಂಡು ಊರಿನ ಲೈನಿಗೆ ಹಸಿರು. ಫೋನೆತ್ತಿದವರನ್ನು ಅವನು ಕೇಳುತ್ತಿದ್ದುದು, "ಯಾರ್ ಬೇಕು? ಏನಾಗೈತೆ? ಹೇಳ್ರಿ."

ಹಾಗೆ ಕೇಳಿದರೆ ಜನ ಬಿಡುತ್ತಾರೆಯೇ? ಜವಳಿ ಅಂಗಡಿಯ ಯಜಮಾನರು ಒಮ್ಮೆ "ನಮ್ಮ ಅಳಿಯಂದೇ ತಲೆನೋವು ಕಣಪ್ಪಾ" ಎಂದು ನಿಟ್ಟುಸಿರಿಟ್ಟರು. ಮಾಮ ತಕ್ಷಣ ಡಾಕ್ಟರಿಗೆ ಜೋಡಿಸಿದ. ಸಂಜೆಗೆ ಅಳಿಯನ ಮನೆಗೆ ಮಾತ್ರೆ ತಲುಪಿತು!

"ಮಾಮ, ನಂಬರ್ ಕೇಳಿದ್ರೆ ನಿಂಗೇನು ಕಷ್ಟ?" ಎಂದೆ ಒಂದು ದಿನ.

"ನಂಗಲ್ಲಪ್ಪಾ ಕಷ್ಟ" ಎಂದವನು ಬೋರ್ಡಿನಲ್ಲಿ ಬಿದ್ದ ಇನ್ನೊಂದು ತಗಡಿನತ್ತ ತಿರುಗಿದ.

ಕೊನೆಗೆ ದಿಂಡಿಗಲ್ಲಿನಿಂದ ಟೆಲಿಫೋನ್ ಇಲಾಖೆಯ ಇನ್‌ಸ್ಪೆಕ್ಟರು ಬಂದರು. "ಎನ್ನಯ್ಯಾ ಇದು?" ಎಂದು ತಮಿಳಿನಲ್ಲಿ ಗದರಿ, ಕಾಗದ ಕಿತ್ತು, ದಾರ ಕತ್ತರಿಸಿ, ಮಾಮನನ್ನು ಎಬ್ಬಿಸಿ ತಾವೇ ಕೂತರು. ಕೆಲಸ ಹೇಗೆ ಮಾಡಬೇಕೆಂದು ತೋರಿಸುವುದಕ್ಕೆ!

ಅಷ್ಟರಲ್ಲಿ ಹನುಮಂತನಪಟ್ಟಿ ಹಳ್ಳಿಯ ತಗಡು ಬಿತ್ತು.

"ನಂಬರ್ ಪ್ಲೀಸ್" ಎಂದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು. "ಯಾರೂ ಮಾತಾಡ್ತಿಲ್ಲ" ಎನ್ನುತ್ತ ವೈರು ಕೀಳಲು ಕೈ ಚಾಚಿದರು. ಮಾಮ ಅವರ ಮುಂಗೈ ಹಿಡಿದುಕೊಂಡ. ಮೇಲಧಿಕಾರಿಯ ಕೈ! ಇನ್ನೊಂದು ಕೈಯಲ್ಲಿ ಅವರ ಹೆಡ್‌ಫೋನ್ ಕಿತ್ತುಕೊಂಡು ಕಿವಿಗಿಟ್ಟ.

"ಯಾರವ್ವಾ? ಅಳಬೇಡ. ಯಾರ್ ಬೇಕು ಅಂತ ನಾನು ನೋಡ್ಕೋತೀನಿ, ಏನಾಯ್ತು ಅಷ್ಟು ಹೇಳು."

ಗದ್ದೆಯಲ್ಲಿ ಆಕೆಯ ಸೊಸೆಗೆ ಹಾವು ಕಚ್ಚಿತ್ತು. ದಾರವಿಲ್ಲದಿದ್ದರೂ ಮಾಮನ ಕೈ ನೇರವಾಗಿ ಡಾಕ್ಟರ ತೂತಿಗೇ ಹೋಯಿತು. ಡಾಕ್ಟರು ಜೀಪಿನಲ್ಲಿ ಹೊರಟರು. ಮಧ್ಯಾಹ್ನ ಅವರೇ ಫೋನ್ ಮಾಡಿ, ಹುಡುಗಿ ಉಳಿದುಕೊಂಡಳು ಎಂದರು. ಇನ್‌ಸ್ಪೆಕ್ಟರು ತಪಾಸಣೆ ಪುಸ್ತಕದಲ್ಲಿ "ಎಲ್ಲ ಸರಿಯಾಗಿದೆ" ಎಂದು ಬರೆದು ಬಸ್ಸು ಹತ್ತಿದರು.

ಮಾಮ ಮತ್ತೆ ಬೋರ್ಡಿನ ಮುಂದೆ ಕೂತ. ನೀರು ಕೊಟ್ಟೆ.

"ನಿಮ್ಮತ್ತೆ ಹೋದ ದಿನ ನೆನಪೈತಾ?" ಎಂದ.

ನೆನಪಿಲ್ಲದೆ ಏನು? ಹತ್ತು ವರ್ಷದ ಹಿಂದೆ, ಕೊಂಬೈ ಹಳ್ಳಿಯಲ್ಲಿ, ಮಾಮನ ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ಅಜ್ಜಿ, ಅಂದರೆ ಮಾಮನ ಅವ್ವ, ಗೌಡರ ಮನೆಗೆ ಓಡಿ, ಜನ್ಮದಲ್ಲಿ ಮೊದಲ ಸಲ ಫೋನು ಎತ್ತಿದ್ದಳು. ಅತ್ತ ಯಾರೋ ಇಂಗ್ಲಿಷಿನಲ್ಲಿ ಗದರಿದರಂತೆ. ಬೆದರಿ ಬಾಯಿ ಬಿಡದೆ ನಿಂತಳು. ಫೋನು ಕಡಿದುಹೋಯಿತು. ಗಾಡಿ ಕಟ್ಟಿ ಡಾಕ್ಟರನ್ನು ಕರೆತರುವಷ್ಟರಲ್ಲಿ ಅತ್ತೆಯೂ ಇಲ್ಲ, ಮಗುವೂ ಇಲ್ಲ. ಈ ಕಥೆ ಅಜ್ಜಿಯ ಬಾಯಲ್ಲಿ ನೂರು ಸಲ ಕೇಳಿದ್ದೆ.

"ಅವತ್ತು ಬೋರ್ಡಲ್ಲಿ ಕೂತಿದ್ದೋನು ನಾನೇ ಕಣಪ್ಪಾ" ಎಂದ ಮಾಮ. "ಎರಡು ಸಲ ನಂಬರ್ ಕೇಳ್ದೆ. ಮಾತು ಬರ್ಲಿಲ್ಲ. ವೈರು ಕಿತ್ತೆ."

ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡೆ.

"ಅಜ್ಜಿಗೆ ಗೊತ್ತಾ?" ಎಂದೆ.

"ಇಲ್ಲ. ಅವತ್ತು ಬೋರ್ಡಲ್ಲಿ ಬೇರೆಯೋನಿದ್ದ ಅಂದಿದ್ದೆ. ದಿನಾ ನಂಗೆ ಅನ್ನ ಬಡಿಸ್ತಾ ಆ ಫೋನಿನವನಿಗೆ ಶಾಪ ಹಾಕ್ತಾಳೆ. ನಾನು ಹ್ಞೂಂ ಅವ್ವಾ ಅಂತೀನಿ."